ಗೇಣುದ್ದ ತಂತಿ

ಆಗಸ್ಟ್ 19

ಅಪ್ಪನಿಗೆ,

ಈ ಶಾಲೆಯಲ್ಲಿ ಬುಧವಾರ ಮಧ್ಯಾಹ್ನ ಎರಡರಿಂದ ಮೂರು ಗಂಟೆಯವರೆಗೆ ಪ್ರತಿಯೊಬ್ಬರೂ ಅವರವರ ಮನೆಯ ಭಾಷೆಯಲ್ಲಿ ಏನಾದರೂ ಬರೆಯಲೇಬೇಕು. ಹೊರಗಿನ ಭಾಷೆ ಕಲಿಯುವ ಭರದಲ್ಲಿ ಒಳಗಿನದು ಕಳೆದುಹೋಗಬಾರದಂತೆ. ನನ್ನ ಕೋಣೆಯ ಜೊತೆಗಾತಿಯ ಭಾಷೆಯವರು ಒಂಬತ್ತು ಜನ ಇದ್ದಾರೆ, ಅವರಿಗೊಬ್ಬ ಮೇಷ್ಟ್ರೂ ಇದ್ದಾರೆ. ನಮ್ಮ ಭಾಷೆಯವಳು ಇಡೀ ಶಾಲೆಗೆ ನಾನೊಬ್ಬಳೇ. "ನೀನು ಬರೆದದ್ದನ್ನ ತಿದ್ದೋರು ಇಲ್ಲಿ ಯಾರೂ ಇಲ್ಲ. ಮನೆಗೆ ಪತ್ರ ಬರಿ, ಅವರೇ ತಿದ್ದಲಿ" ಎಂದರು ಮೇಡಂ. ಆದ್ದರಿಂದ ಕೆಂಪು ಪೆನ್ನು ಹಿಡಿದುಕೊಂಡು ಓದು.

ಊಟದ ಮೇಜಿನಲ್ಲಿ ಆರು ಜನ ಕೂತರೆ ಆರು ದೇಶ. ಮೊದಲ ವಾರ ಎಲ್ಲರೂ ಬರೀ ನಕ್ಕೆವು, ಮಾತು ಬರದೆ. ಈಗ ಜಗಳ ಆಡುವಷ್ಟು ಮುಂದುವರಿದಿದ್ದೇವೆ. ಶನಿವಾರ ಹತ್ತಿರದ ವೃದ್ಧಾಶ್ರಮದಲ್ಲಿ ಕೆಲಸ. ನನ್ನ ಪಾಲಿಗೆ ಬಂದದ್ದು ಕಿವಿ ಕೇಳದ ಒಬ್ಬ ತಾತನಿಗೆ ಪತ್ರಿಕೆ ಓದಿ ಹೇಳುವುದು. ಕಿರುಚಿ ಕಿರುಚಿ ನನ್ನ ಗಂಟಲು ಬಿದ್ದುಹೋಗಿದೆ. ತಾತ ಮಾತ್ರ ಆರಾಮಾಗಿ ನಿದ್ದೆ ಹೋಗುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗುರುವಾರದ ಒಂದು ತರಗತಿ. ಅದಕ್ಕೆ ಪಠ್ಯಪುಸ್ತಕವೇ ಇಲ್ಲ. ಯಾರು ಏನು ಹೇಳಿದರೂ ಮೇಡಂ ಕೇಳುವುದು ಒಂದೇ: "ಅದು ನಿಂಗೆ ಹೇಗೆ ಗೊತ್ತು?" ಭೂಮಿ ಗುಂಡಗಿದೆ ಎಂದರೂ ಅದೇ, ನನ್ನ ಹುಟ್ಟಿದ ದಿನ ಇಂಥದ್ದು ಎಂದರೂ ಅದೇ. ನೀನು ಲಿಫ್ಟ್ ಮೆಕ್ಯಾನಿಕ್ ಎಂದು ನಾನು ಹೇಳಿದೆ. ಜೊತೆಗಾತಿ ಕೇಳಿದಳು, "ಲಿಫ್ಟು ಕಳಚಿ ಬೀಳಲ್ಲ ಅಂತ ನಿಮ್ಮಪ್ಪನಿಗೆ ಹೇಗೆ ಗೊತ್ತು?" ನೀನೇ ಹೇಳು.

ಆಸ್ಪತ್ರೆಯಲ್ಲಿ ಅಮ್ಮನ ಪಾಳಿ ಈ ವಾರ ಹಗಲೋ ರಾತ್ರಿಯೋ? 

ನಿನ್ನ ಕೊಕ್ಕೆ


ಸೆಪ್ಟೆಂಬರ್ 2

ಕೊಕ್ಕೆಗೆ,

ತಪ್ಪು ಒಂದೂ ಸಿಗಲಿಲ್ಲ. ಕೆಂಪು ಪೆನ್ನಿಗೆ ಬೇಜಾರಾಗಿದೆ.

ನಿನಗೆ ಈ ಹೆಸರು ಇಟ್ಟಾಗ ನೀನು ನಾಲ್ಕು ವರ್ಷದವಳು. ಯಾವ ಮಾತಿನ ಕೊನೆಗೂ ಒಂದು ಪ್ರಶ್ನಾರ್ಥಕ ಚಿಹ್ನೆ ನೇತಾಡುತ್ತಿತ್ತು, ಕೊಕ್ಕೆಯ ಹಾಗೆ. ಈಗ ಅದನ್ನೇ ಹೇಳಿಕೊಡುವ ಶಾಲೆ ಸಿಕ್ಕಿದೆ. ವರ್ಕ್‌ಶಾಪಿನಲ್ಲಿ ಎಲ್ಲರೂ ಕೇಳುತ್ತಾರೆ: "ಅಷ್ಟು ದೂರ ಕಳಿಸಿದ್ಯಲ್ಲ, ಆ ಶಾಲೆ ಅಂಥಾದ್ದೇನು ಕೊಡುತ್ತೆ?" ಶಾಲೆಯವರು ಕಳಿಸಿದ್ದ ಪುಸ್ತಿಕೆಯಲ್ಲಿ ಇದ್ದದ್ದನ್ನೆಲ್ಲ ಹೇಳುತ್ತೇನೆ. ಬೇರೆ ಬೇರೆ ದೇಶದ ಮಕ್ಕಳ ಜೊತೆ ಓದು, ಸಮಾಜ ಸೇವೆ, ಸ್ವಂತ ಸಂಶೋಧನೆ. ಅವರಿಗೆ ಅರ್ಥವಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗಿಲ್ಲ. ಆದರೆ ನಿನ್ನ ಪತ್ರವನ್ನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ.

ನಿನ್ನ ಜೊತೆಗಾತಿಗೆ ಹೇಳು: ಹಗ್ಗ ಹರಿದು ಲಿಫ್ಟು ಬೀಳುವುದು ಸಿನಿಮಾದಲ್ಲಿ. ಒಂದು ಲಿಫ್ಟಿಗೆ ನಾಲ್ಕೈದು ಉಕ್ಕಿನ ಹಗ್ಗ ಇರುತ್ತವೆ, ಒಂದೇ ಉಳಿದರೂ ಅದು ಇಡೀ ಪೆಟ್ಟಿಗೆಯನ್ನು ಹೊರುತ್ತದೆ. ನಮ್ಮ ಕೆಲಸದಲ್ಲಿ ಅಪಾಯ ಬರುವುದು ಹಗ್ಗದಿಂದಲ್ಲ, ಬಾಗಿಲಿನಿಂದ. ಬೀಗ ಕೂಡದ ಬಾಗಿಲು ಒಂದಿದ್ದರೆ ಸಾಕು.

ಅಪ್ಪ

ಇದು ಅಮ್ಮ. ಈ ವಾರ ಹಗಲು ಪಾಳಿ. ನಿಮ್ಮಪ್ಪ ಪತ್ರ ಬರೆಯುವಾಗ ನಾಲಿಗೆ ಹೊರಗೆ ಹಾಕುತ್ತಾರೆ, ಚಿಕ್ಕ ಮಕ್ಕಳ ಹಾಗೆ. ಬೆಚ್ಚಗಿನ ಕಾಲುಚೀಲ ಹಾಕಿಕೋ.


ಅಕ್ಟೋಬರ್ 7

ಅಪ್ಪನಿಗೆ,

ಒಂದು ದೊಡ್ಡ ಸುದ್ದಿ. ನಮ್ಮ ಸ್ವಂತ ಸಂಶೋಧನೆಯ ಪ್ರಬಂಧಕ್ಕೆ ವಿಷಯ ಆರಿಸಿಕೊಂಡೆ. ನಾಲ್ಕು ಸಾವಿರ ಪದ. ಯಾರೂ ಹೇಳಿಕೊಡುವುದಿಲ್ಲ, ಮೇಡಂ ಬರೀ ಜೊತೆಗಿರುತ್ತಾರೆ. "ದೂರದ ದೊಡ್ಡ ಪ್ರಶ್ನೆ ಬೇಡ. ನಿಮ್ಮ ಊರಿನದು, ಕೈಯಲ್ಲಿ ಮುಟ್ಟೋಕಾಗೋ ಅಂಥದ್ದು ತಗೋ" ಎಂದರು. ನಾನು ತಕ್ಷಣ ನಿನ್ನ ಪತ್ರ ನೆನೆಸಿಕೊಂಡೆ. ನನ್ನ ಪ್ರಶ್ನೆ ಇದು: ಯಂತ್ರದಿಂದ ಅನಾಹುತವಾದಾಗ ತಪ್ಪು ಯಾರದು ಎಂದು ನಿರ್ಧರಿಸುವುದು ಹೇಗೆ?

ಉದಾಹರಣೆಗೆ ನಮ್ಮೂರಿನದೇ ಒಂದು ಸಿಕ್ಕಿದೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹಳೆಯ ಪತ್ರಿಕೆಗಳೆಲ್ಲ ಇವೆ. ಒಂಬತ್ತು ವರ್ಷದ ಹಿಂದೆ ಒಂದು ಕಚೇರಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಒಳಗೆ ಲಿಫ್ಟು ಇರಲಿಲ್ಲ. ಟೈಪಿಸ್ಟ್ ಹೆಂಗಸೊಬ್ಬರು ಫೈಲು ಹಿಡಿದುಕೊಂಡು ಕಾಲಿಟ್ಟರು. ಎರಡು ಮಹಡಿ ಕೆಳಗೆ ನಿಂತಿದ್ದ ಲಿಫ್ಟಿನ ತಲೆಯ ಮೇಲೆ ಬಿದ್ದರು. ಬದುಕಿದರು, ಆದರೆ ಮತ್ತೆ ನಡೆಯಲಿಲ್ಲ. ಅಪ್ಪ, ಆ ಸುದ್ದಿಯಲ್ಲಿ ನೀನಿದ್ದೀಯ! ವಿಚಾರಣೆಯಲ್ಲಿ ನೀನು ಹೇಳಿದ್ದು: "ನಾನು ಹೊರಟಾಗ ಎಲ್ಲ ಸರಿಯಿತ್ತು." ಲೈಸೆನ್ಸ್ ಕಳೆದುಕೊಂಡವರು ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಗಡಿಯಾರ ಮಾಮ ಎಂದೂ ಇದೆ.

ಮಾಮ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದು ಇದಕ್ಕೇನಾ? ನನಗೆ ಅವರು ಚೆನ್ನಾಗಿ ನೆನಪಿದ್ದಾರೆ. ಎಂಟಕ್ಕೆ ಬರುತ್ತೇನೆ ಎಂದರೆ ಎಂಟು ಹೊಡೆಯುವಾಗ ಬಾಗಿಲು ತಟ್ಟುತ್ತಿದ್ದರು. ಅಂಥವರು ಬಾಗಿಲು ಪರೀಕ್ಷಿಸುವುದನ್ನು ಹೇಗೆ ಮರೆತರು?

ನಿನ್ನನ್ನು ಸಂದರ್ಶನ ಮಾಡಬೇಕು. ಪ್ರಶ್ನೆಗಳನ್ನು ಮುಂದಿನ ಬುಧವಾರ ಕಳಿಸುತ್ತೇನೆ. ಮನೆಯಲ್ಲೇ ಸಾಕ್ಷಿ ಸಿಕ್ಕಿದ್ದಕ್ಕೆ ನನ್ನ ಮೇಲೆ ಎಲ್ಲರಿಗೂ ಹೊಟ್ಟೆಕಿಚ್ಚು.

ನಿನ್ನ ಕೊಕ್ಕೆ


ಅಕ್ಟೋಬರ್ 16

ಮಗಳಿಗೆ,

ವಿಷಯ ಬದಲಾಯಿಸು. ಸತ್ತ ಹಾವನ್ನು ಕೋಲಿನಿಂದ ತಿವಿಯುವುದರಿಂದ ಯಾರಿಗೂ ಲಾಭವಿಲ್ಲ. ಆ ಹೆಂಗಸಿನ ಮನಸ್ಸಿಗೂ ನೋವು, ಮಾಮನಿಗೂ ನೋವು. ನಿನ್ನನ್ನು ಅಲ್ಲಿಗೆ ಕಳಿಸಿದ್ದು ಪ್ರಪಂಚ ತಿಳಿದುಕೊಳ್ಳಲಿ ಎಂದು, ನಮ್ಮ ಬೀದಿಯ ಕಸ ಕೆದಕಲಿ ಎಂದಲ್ಲ. ಸೇತುವೆಗಳ ಬಗ್ಗೆ ಬರಿ. ಹಡಗುಗಳ ಬಗ್ಗೆ ಬರಿ. ಪುಸ್ತಕ ಬೇಕಾದರೆ ಕಳಿಸುತ್ತೇನೆ.

ಪ್ರಶ್ನೆಗಳನ್ನು ಕಳಿಸಬೇಡ.

ಅಪ್ಪ


ನವೆಂಬರ್ 4

ಅಪ್ಪನಿಗೆ,

ಮೂರು ಭಾನುವಾರ ಫೋನಿನಲ್ಲಿ ಮಾತಾಡಿದೆವು. ಕಾಲುಚೀಲದ ಬಗ್ಗೆ ಮಾತಾಡಿದೆವು, ನನ್ನ ನೆಗಡಿಯ ಬಗ್ಗೆ, ಮೇಲಿನ ಮನೆಯವರ ಹೊಸ ಕಾರಿನ ಬಗ್ಗೆ. ನಾನು "ಅಪ್ಪಾ, ಅದು..." ಎಂದಾಗಲೆಲ್ಲ ನೀನು "ಅಮ್ಮನಿಗೆ ಕೊಡ್ತೀನಿ" ಎಂದೆ.

ಎರಡು ವಾರದಿಂದ ನಿನ್ನ ಪತ್ರ ಓದುತ್ತಿದ್ದೇನೆ. ನೀನು ಹೆಸರು ಹಿಡಿದು ಕರೆಯಲಿಲ್ಲ. 'ಮಗಳಿಗೆ' ಎಂದು ಬರೆದೆ. ಬೇರೆ ಯಾವುದಾದರೂ ವಿಷಯಕ್ಕೆ ನೀನು ಹೀಗೆ ಸಿಡುಕಿದ್ದು ನನಗೆ ನೆನಪಿಲ್ಲ. ಹೆಗಲು ಮುಟ್ಟಿ ನೋಡಿಕೊಳ್ಳುವವನ ಗಾದೆಯೊಂದು ಇದೆಯಲ್ಲ, ಅದು ತಲೆಗೆ ಬಂತು. ಪೂರ್ತಿ ಬರೆಯುವುದಿಲ್ಲ. ಅದನ್ನು ನನಗೆ ಹೇಳಿಕೊಟ್ಟವನೇ ನೀನು.

ಗುರುವಾರದ ತರಗತಿಯಲ್ಲಿ ಮಾಮನ ತಪ್ಪಿನಿಂದ ಅನಾಹುತವಾಯಿತು ಎಂದು ಹೇಳಿದೆ. ಮೇಡಂ ಬಾಯಿ ತೆರೆಯುವ ಮೊದಲೇ ಜೊತೆಗಾತಿ ಕೇಳಿದಳು, "ನಿಂಗೆ ಹೇಗೆ ಗೊತ್ತು?" 

"ನಮ್ಮಪ್ಪ ಹಾಗೆ ಹೇಳಿದ್ದಾರೆ." 

"ನಿಮ್ಮಪ್ಪನ್ನ ನಂಬೋದು ಅವರು ಸಾಕ್ಷಿ ಅಂತಾನೋ, ನಿಮ್ಮಪ್ಪ ಅಂತಾನೋ?" 

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಹೋದೆ. ಆಮೇಲೆ ಅವಳು ಕ್ಷಮೆ ಕೇಳಿದಳು. ನಾನು ಎದ್ದದ್ದು ಅವಳ ಮೇಲಿನ ಸಿಟ್ಟಿನಿಂದ ಅಲ್ಲ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ನಾನು ಗಡಿಯಾರ ಮಾಮನಿಗೆ ಪತ್ರ ಬರೆದಿದ್ದೇನೆ. ಬಚ್ಚಿಟ್ಟು ಮಾಡುವುದು ಬೇಡವೆಂದು ನಿನಗೂ ಹೇಳುತ್ತಿದ್ದೇನೆ.

ಕೊಕ್ಕೆ


ನವೆಂಬರ್ 13

ಪುಟ್ಟಿ,

ನಿಮ್ಮಪ್ಪನಿಗೆ ಏನು ಬರೆದೆ? ಪತ್ರ ಬಂದ ದಿನದಿಂದ ಊಟದ ತಟ್ಟೆ ಮುಂದೆ ಕೂತಿರುತ್ತಾರೆ, ತಟ್ಟೆ ಇದ್ದ ಹಾಗೇ ಇರುತ್ತದೆ. ಕಾಗದ ಎಲ್ಲಿಟ್ಟಿದ್ದಾರೋ ಕಾಣಿಸುತ್ತಿಲ್ಲ. "ಏನ್ರೀ ಆಯ್ತು?" ಎಂದರೆ "ಏನಿಲ್ಲ" ಎನ್ನುತ್ತಾರೆ. ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ, ಆ 'ಏನಿಲ್ಲ' ನನಗೆ ಗೊತ್ತು. ವಾರ್ಡಿನಲ್ಲಿ ಕೆಟ್ಟ ಸುದ್ದಿ ಕೇಳುವ ಮೊದಲು ಜನ ಹಾಗೇ ಹೇಳುತ್ತಾರೆ.

ನನಗೆ ಗೊತ್ತಿಲ್ಲದ್ದು ನಿನಗೇನು ಗೊತ್ತು? ನನಗೆ ಬರಿ. ಬೇಡ, ಬರೆಯಬೇಡ. ಅವರೇ ಹೇಳಲಿ.

ಅಮ್ಮ


ನವೆಂಬರ್ 24

ಪುಟ್ಟಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಾನು ಯಾವುದಕ್ಕೂ ತಡ ಮಾಡಿದವನಲ್ಲ, ಇದಕ್ಕೆ ತಡವಾಯಿತು. ನನಗೀಗ ಹೊಲಿಗೆ ಯಂತ್ರ ರಿಪೇರಿ ಕೆಲಸ. ಸೂಜಿ ಬೆರಳಿಗೆ ಚುಚ್ಚುವುದಕ್ಕಿಂತ ದೊಡ್ಡ ಅನಾಹುತ ಇದರಲ್ಲಿ ಇಲ್ಲ. ಆರಾಮಾಗಿದ್ದೇನೆ.

ನಿಮ್ಮಪ್ಪನ ಮಾತನ್ನು ನಾನು ಆಡಲಾರೆ. ನನ್ನದನ್ನು ಹೇಳುತ್ತೇನೆ, ಬರೆದುಕೋ. ನಾಲ್ಕನೇ ಮಹಡಿಯ ಬಾಗಿಲ ಬೀಗ ಸರಿಯಾಗಿ ಕೂಡುತ್ತಿರಲಿಲ್ಲ. ಬೀಗ ಕೂಡದಿದ್ದರೆ ಲಿಫ್ಟು ಹೊರಡಬಾರದು, ಅದು ನಿಯಮ. ಆದರೆ ಪರೀಕ್ಷೆ ಮಾಡಲು ಲಿಫ್ಟನ್ನು ಓಡಿಸಲೇಬೇಕು. ಅದಕ್ಕೆ ನಾವು ಗೇಣುದ್ದದ ಒಂದು ತಂತಿ ಹಾಕುತ್ತೇವೆ. 'ಬಾಗಿಲು ಭದ್ರವಾಗಿದೆ' ಎಂದು ಆ ತಂತಿ ಯಂತ್ರಕ್ಕೆ ಸುಳ್ಳು ಹೇಳುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ಆವತ್ತು ತೆಗೆದಿರಲಿಲ್ಲ. 

ತಪಾಸಣೆ ಹಾಳೆಯಲ್ಲಿ 'ತಾತ್ಕಾಲಿಕ ತಂತಿ ತೆಗೆಯಲಾಗಿದೆ' ಎಂಬ ಸಾಲಿಗೆ ಗುರುತು ಹಾಕಿ ಸಹಿ ಮಾಡಿದವನು ನಾನು. ಮೇಲೆ ಹತ್ತಿ ನೋಡದೆ ಮಾಡಿದೆ. ಆ ಪಾಪ ನನ್ನದು, ಅದನ್ನು ಯಾರ ಜೊತೆಗೂ ಹಂಚಿಕೊಳ್ಳುವುದಿಲ್ಲ.

ಮೇಲಿನ ಯಂತ್ರದ ಕೋಣೆಯಲ್ಲಿ ಆವತ್ತು ಕೆಲಸ ಮಾಡಿದವನು ನಾನಲ್ಲ. ನಾನು ಕೆಳಗಿದ್ದೆ. ಮೇಲಿದ್ದವನು ಮೂರೂ ಹತ್ತಕ್ಕೆ ಓಡುತ್ತ ಇಳಿದು ಬಂದ. "ನೀನು ಹೋಗು, ನಾನು ನೋಡ್ಕೋತೀನಿ" ಎಂದೆ. ನೋಡಿಕೊಳ್ಳಲಿಲ್ಲ.

ವಿಚಾರಣೆಯಲ್ಲಿ ನೀವು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದೀಯ. ನೋಡದೆ ಸಹಿ ಮಾಡಿದವನಿಗೆ ಬೇರೆಯವರನ್ನು ತೋರಿಸಲು ಬೆರಳು ಎಲ್ಲಿರುತ್ತದೆ? ಅವನೇ ಎದ್ದು ಹೇಳುತ್ತಾನೆ ಎಂದು ಕಾದೆ. ಮೊದಲು ಆ ದಿನ ಕಾದೆ, ಆಮೇಲೆ ಆ ವರ್ಷ ಕಾದೆ. ಆಮೇಲೆ ಕಾಯುವುದು ಬಿಟ್ಟೆ.

ಚೆನ್ನಾಗಿ ಓದು.

ಮಾಮ


ಡಿಸೆಂಬರ್ 3

ಅಪ್ಪನಿಗೆ,

ಮಾಮನ ಪತ್ರದ ನಕಲು ಇದರ ಜೊತೆಗಿದೆ. ರಜೆಗೆ ಮನೆಗೆ ಬರುವುದಿಲ್ಲ. ದೂರದ ದೇಶದ ಮಕ್ಕಳು ಹಲವರು ಇಲ್ಲೇ ಇರುತ್ತಾರೆ, ನಾನೂ ಅವರ ಜೊತೆ ಇರಲು ಅನುಮತಿ ಪಡೆದಿದ್ದೇನೆ.

ಅಮ್ಮನಿಗೆ ಓದಿನ ಹೊರೆ ಎಂದು ಹೇಳು. ಅಥವಾ ನಿಜ ಹೇಳು.


ಜನವರಿ 5

ಮಗು,

ನಿನ್ನ ಹಾಸಿಗೆಯ ಮೇಲೆ ಅಮ್ಮ ಒಗೆದ ಹೊದಿಕೆ ಹಾಸಿದ್ದಳು. ರಜೆ ಮುಗಿಯಿತು, ಅದು ಮಡಿಕೆ ಕೆಡದೆ ಹಾಗೇ ಇದೆ. ನಿನ್ನೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಎದ್ದುಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಈಗ ನಿನಗೆ ಬರೆಯುತ್ತಿದ್ದೇನೆ.

ಆವತ್ತು ಮೇಲಿನ ಕೋಣೆಯಲ್ಲಿದ್ದದ್ದು ನಾನು. ತಂತಿ ಹಾಕಿದವನೂ ನಾನು. ಮೂರು ಗಂಟೆಗೆ ನಿನ್ನ ಶಾಲೆಯಿಂದ ಫೋನ್ ಬಂತು. ನೀನು ಏಳು ವರ್ಷದವಳು, ಆಟದ ಏಣಿಯಿಂದ ಬಿದ್ದಿದ್ದೆ, ಎಡಗೈ ಎರಡು ಕಡೆ ಮುರಿದಿತ್ತು. ಅಮ್ಮ ಆಪರೇಷನ್ ಕೋಣೆಯಲ್ಲಿ ಕೆಲಸದಲ್ಲಿದ್ದಳು, ಅವಳನ್ನು ಕರೆಯುವ ಹಾಗಿರಲಿಲ್ಲ. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದೆ. ಅವಸರದಲ್ಲಿ ತಂತಿ ಉಳಿದುಹೋಯಿತು. ಸಂಜೆ ಐದೂ ಹತ್ತಕ್ಕೆ ಆ ಟೈಪಿಸ್ಟ್ ಬಿದ್ದರು.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದಾಗ ಎಲ್ಲ ಸರಿಯಿತ್ತು ಎಂದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು. ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನನ್ನದೇ ಕಥೆಯಾಯಿತು. ಗಡಿಯಾರ ನನ್ನ ಕಡೆ ನೋಡಿದ, ಒಂದೇ ಸಲ. ಆಮೇಲೆ ಎದುರಿಗಿದ್ದ ಗೋಡೆ ನೋಡಿದ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಆ ಅನಾಹುತವನ್ನು ನಿನ್ನ ಕೈಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ. ನೀನು ಇದನ್ನು ಬರೆದರೆ ನನ್ನ ಲೈಸೆನ್ಸ್ ಹೋಗುತ್ತದೆ, ಕೆಲಸವೂ ಹೋಗಬಹುದು. ಬರೆಯಬೇಡ ಎಂದು ಕೇಳುತ್ತಿಲ್ಲ. ಕೇಳುವ ಬಾಯಿ ನನಗಿಲ್ಲ. ಇದ್ದದ್ದು ಇದು, ಅಷ್ಟೆ.

ಅಪ್ಪ


ಜನವರಿ 27

ಅಪ್ಪನಿಗೆ,

ಎರಡು ಬುಧವಾರ ಖಾಲಿ ಹಾಳೆಯ ಮುಂದೆ ಕೂತೆ. ಇದು ಮೂರನೆಯದು.

ನಿನ್ನ ಪತ್ರ ನನ್ನ ಮೇಜಿನ ಮೇಲೆ ಬಿಚ್ಚಿಯೇ ಇರುತ್ತದೆ. ಬಚ್ಚಿಡಬೇಕಾಗಿಲ್ಲ. ಇದನ್ನು ಓದಬಲ್ಲವಳು ಈ ಶಾಲೆಯಲ್ಲಿ ನಾನೊಬ್ಬಳೇ. ಜೊತೆಗಾತಿ ಬಗ್ಗಿ ನೋಡಿ "ನಿಮ್ಮ ಅಕ್ಷರ ಎಷ್ಟು ಗುಂಡಗಿದೆ, ಚೆಂದ" ಎಂದಳು. ನನ್ನೊಬ್ಬಳ ನಾಲಿಗೆ ಸುಮ್ಮನಿದ್ದರೆ ಸಾಕು, ಯಾರಿಗೂ ಏನೂ ತಿಳಿಯುವುದಿಲ್ಲ. ಆ ಯೋಚನೆ ಬಂದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ನೀನು ವಿಚಾರಣೆಯ ಕೋಣೆಯಲ್ಲಿ ನಿಂತಿದ್ದಾಗ ಹೀಗೇ ಅನಿಸಿತ್ತಾ?

ಎಲ್ಲಕ್ಕೂ ಕಾರಣ ನನ್ನ ಮುರಿದ ಕೈ ಎಂದು ಓದಿದಾಗ ಸಿಟ್ಟು ಬಂತು. ಕಟ್ಟಲು ಮನಸ್ಸಾಗಲಿಲ್ಲ ಎಂದು ಬರೆದು ನೀನು ಅದೇ ಸಾಲಿನಲ್ಲಿ ಕಟ್ಟಿಬಿಟ್ಟೆ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ನಿನ್ನ ಪತ್ರವನ್ನು ಶಾಲೆಯ ಭಾಷೆಗೆ ತಿರುಗಿಸಲು ಕೂತೆ. ಯಾರಿಗೂ ತೋರಿಸಲು ಅಲ್ಲ, ಆಗುತ್ತದೋ ಇಲ್ಲವೋ ನೋಡಲು. ಒಂದು ಕಡೆ ಪೆನ್ನು ನಿಂತಿತು. 'ತಂತಿ ಉಳಿದುಹೋಯಿತು.' ನಮ್ಮ ಭಾಷೆಯಲ್ಲಿ ಅದು ಎಷ್ಟು ಸಲೀಸಾಗಿ ಬರುತ್ತದೆ ನೋಡು. ಹಾಲು ಉಕ್ಕಿಹೋಯಿತು, ಬಸ್ಸು ತಪ್ಪಿಹೋಯಿತು, ತಂತಿ ಉಳಿದುಹೋಯಿತು. ಯಾರೂ ಏನೂ ಮಾಡಿಲ್ಲ, ಎಲ್ಲ ತಾನಾಗಿ ಆಗಿಹೋಯಿತು. ಇಲ್ಲಿನ ಭಾಷೆಯಲ್ಲಿ ಹಾಗೆ ಬರೆಯಲು ನೋಡಿದೆ. ಬರೆದವಳೇ ಮೂಗು ಮುರಿದೆ. ಯಾರು ಉಳಿಸಿದರು ಎಂದು ವಾಕ್ಯವೇ ಕೇಳುತ್ತದೆ. 'ಬಾಯಿಂದ ತಾನಾಗಿ ಬಂದುಬಿಟ್ಟಿತು' ಎಂಬುದೂ ಹಾಗೇ.

ಇನ್ನೊಂದು. ಆಕೆ ಬಿದ್ದದ್ದು ಐದೂ ಹತ್ತಕ್ಕೆ. ನೀನು ಹೊರಟದ್ದು ಮೂರೂ ಹತ್ತಕ್ಕೆ. ತಂತಿ ಅಲ್ಲೇ ಇದೆ ಎಂದು ನಿನಗೆ ಗೊತ್ತಾಗಿದ್ದು ಯಾವಾಗ? ಹೇಗೆ ಗೊತ್ತಾಯಿತು?

ಇದನ್ನು ಪ್ರಬಂಧಕ್ಕಾಗಿ ಕೇಳುತ್ತಿಲ್ಲ.


ಫೆಬ್ರವರಿ 3

ಮಗು,

ಆ ಸಾಲನ್ನು ಹೀಗೆ ತಿದ್ದಿಕೋ. ನಾನು ತಂತಿಯನ್ನು ತೆಗೆಯಲಿಲ್ಲ. ಎರಡನೆಯದನ್ನು ಹೀಗೆ: ನಾನು ಸುಳ್ಳು ಹೇಳಿದೆ.

ನೀನು ಕೇಳಿದ್ದಕ್ಕೆ ಉತ್ತರ. ಕೆಲಸ ಮುಗಿದಾಗ ಆ ತಂತಿಯನ್ನು ನಾನು ಯಾವಾಗಲೂ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಆಸ್ಪತ್ರೆಯಲ್ಲಿ ನಿನ್ನ ಕೈಗೆ ಪಟ್ಟಿ ಹಾಕುತ್ತಿದ್ದರು. ನಿನ್ನ ಮೂಗು ಒರೆಸಲು ಜೇಬಿಗೆ ಕೈ ಹಾಕಿದೆ. ಕರವಸ್ತ್ರ ಇತ್ತು, ತಂತಿ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

ನಲವತ್ತು ನಿಮಿಷ ಇತ್ತು. ಫೋನು ಹೊರಗಿನ ಕಾರಿಡಾರಿನಲ್ಲಿ, ಹತ್ತು ಹೆಜ್ಜೆ. ನೀನು ನನ್ನ ಬೆರಳು ಹಿಡಿದುಕೊಂಡಿದ್ದೆ. ಆದರೆ ಬಿಡಿಸಿಕೊಂಡು ಹೋಗಿದ್ದರೆ ನೀನೇನೂ ಸಾಯುತ್ತಿರಲಿಲ್ಲ. ಗಡಿಯಾರ ಮಾಮ ನೋಡಿಕೊಂಡಿರುತ್ತಾನೆ ಅಂದುಕೊಂಡೆ. ಫೋನ್ ಮಾಡಿದರೆ ಮರೆತೆ ಎಂದು ಒಪ್ಪಿಕೊಳ್ಳಬೇಕಲ್ಲ ಎಂಬ ನಾಚಿಕೆಯೂ ಇತ್ತು. ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ಇವತ್ತು ಹೇಳಿದೆ.

ಆಕೆ ಬಿದ್ದದ್ದು ನಿನ್ನ ಕೈ ಮುರಿದದ್ದರಿಂದ ಅಲ್ಲ. ಆ ನಲವತ್ತು ನಿಮಿಷದಲ್ಲಿ ನೀನು ಎಲ್ಲೂ ಇಲ್ಲ. ಅಲ್ಲಿರುವವನು ನಾನೊಬ್ಬನೇ.

ಅಪ್ಪ


ಫೆಬ್ರವರಿ 12

ಅಪ್ಪ,

ಓದಿದೆ. ಎರಡು ದಿನ ಊಟ ಸೇರಲಿಲ್ಲ, ಈಗ ಸೇರುತ್ತಿದೆ.

ಮೇಡಂ ಹತ್ತಿರ ಹೋದೆ. ಏನೂ ಬಿಡಿಸಿ ಹೇಳಲಿಲ್ಲ. "ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಆದರೆ ಆ ಉತ್ತರ ನಮ್ಮ ಮನೆಯಲ್ಲಿ ವಾಸವಾಗಿದೆ" ಎಂದೆ. ಅವರು ಅಂದರು, "ವಿಷಯ ಬದಲಾಯಿಸೋಕೆ ಮಾರ್ಚ್ ಹದಿನೈದರವರೆಗೂ ಟೈಮ್ ಇದೆ. ಬದಲಾಯಿಸಿದ್ರೆ ನಿನ್ನನ್ನ ಹೇಡಿ ಅಂತ ಯಾರೂ ಅನ್ನಲ್ಲ, ಬರೆದ್ರೆ ಧೀರೆ ಅಂತ ನಾನು ಹೆಚ್ಚಿಗೆ ಅಂಕ ಕೊಡೋದೂ ಇಲ್ಲ." ಆಮೇಲೆ ಒಂದು ನಿಯಮ ತೋರಿಸಿದರು: ಬದುಕಿರುವವರ ಕಥೆ ಬರೆಯುವುದಾದರೆ ಅವರ ಒಪ್ಪಿಗೆ ಬೇಕು.

ಮೂರು ಜನ ಒಪ್ಪಬೇಕು. ನೀನು, ಮಾಮ, ಆಕೆ. ಮಾಮನಿಗೆ ನಾನೇ ಬರೆಯಬಲ್ಲೆ. ಆಕೆಗೆ ನಾನು ಏನೆಂದು ಬರೆಯಲಿ? 'ನಿಮ್ಮ ಕಾಲಿನ ಬಗ್ಗೆ ನನ್ನ ಹತ್ತಿರ ಒಂದು ಪ್ರಬಂಧ ಇದೆ' ಎಂದೇ?

ಅಪ್ಪ, ಆಕೆ ನನ್ನಿಂದ ಇದನ್ನು ತಿಳಿಯಬಾರದು. ಪತ್ರಿಕೆಯಿಂದಲೂ ತಿಳಿಯಬಾರದು. ನೀನು ಹೋಗಬೇಕು. ಪ್ರಬಂಧ ಇರಲಿ, ಇಲ್ಲದಿರಲಿ.

ನೀನು ಹೋಗದಿದ್ದರೆ ನಾನೇನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಹೆದರಿಸಲು ಹೇಳುತ್ತಿಲ್ಲ. ನಿಜವಾಗಿ ಗೊತ್ತಿಲ್ಲ.

ಕೊಕ್ಕೆ


ಮಾರ್ಚ್ 8

ಕೊಕ್ಕೆಗೆ,

ಮೊದಲು ಗಡಿಯಾರನ ಅಂಗಡಿಗೆ ಹೋದೆ. ಒಂದು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಿ ನೋಡಿದ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ, ನಲವತ್ತು ನಿಮಿಷದ್ದೂ ಸೇರಿಸಿ. ಅದು ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. 

"ಒಂಬತ್ತು ವರ್ಷ ಲೇಟು ಕಣೋ" ಅಂದ. 

"ಹೌದು" ಅಂದೆ. 

"ನಾಲ್ಕೂವರೆಗೆ ನಾನು ಎಲ್ಲಿದ್ದೆ ಗೊತ್ತಾ? ಅದೇ ಕಟ್ಟಡದ ಕೆಳಗೆ ಕಾಫಿ ಕುಡೀತಿದ್ದೆ. ಫೋನ್ ಬಂದಿದ್ರೆ ಎರಡು ನಿಮಿಷದ ಕೆಲಸ." 

ಅವನು ಅಂಗಡಿಯ ಬಾಗಿಲು ಎಳೆದುಕೊಂಡು ನನ್ನ ಜೊತೆ ಹೊರಟ. ಇಬ್ಬರೂ ತಪಾಸಣಾ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟೆವು. ಅಲ್ಲಿದ್ದ ಹುಡುಗಿ ಹಳೆಯ ಕಡತ ಹುಡುಕಲು ಒಂದು ಗಂಟೆ ತೆಗೆದುಕೊಂಡಳು. ನನ್ನ ಲೈಸೆನ್ಸನ್ನು ಸದ್ಯಕ್ಕೆ ಇಟ್ಟುಕೊಂಡಿದ್ದಾರೆ. ವಿಚಾರಣೆ ಮತ್ತೆ ತೆರೆಯುತ್ತದೆ. ವರ್ಕ್‌ಶಾಪಿನಲ್ಲಿ ನಾನೇ ಎಲ್ಲರನ್ನೂ ಕರೆದು ಹೇಳಿದೆ. ಕೆಲವರು ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಅಮ್ಮ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ. 

ಇವತ್ತು ಆಕೆಯ ಮನೆಗೆ ಹೋಗಿದ್ದೆ. ಗಡಿಯಾರ ಬರುತ್ತೇನೆ ಅಂದ, ಬೇಡ ಅಂದೆ.

ನೆಲಮಟ್ಟದ ಮನೆ. ಹೊಸ್ತಿಲನ್ನು ಕೆತ್ತಿ ತೆಗೆದಿದ್ದಾರೆ. ಗಾಲಿಕುರ್ಚಿಯ ಕೈಗಳು ಒಳಗೆ ಹೋಗಲೆಂದು ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾರೆ. ಬೇರೆಯವರು ಬರೆದದ್ದನ್ನು ಟೈಪ್ ಮಾಡಿ, ತಿದ್ದಿ ಕೊಡುವುದು ಈಗಲೂ ಅವರ ಕೆಲಸ. ನಾನು ಯಾರೆಂದು ಹೇಳಿದೆ. "ಕೂತ್ಕೊಳ್ಳಿ" ಅಂದರು. ಕೂರಲಿಲ್ಲ. ಶಾಲೆಯಿಂದ ಬಂದ ಫೋನಿನಿಂದ ಹಿಡಿದು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಎಲ್ಲ ಸಾಲಿಗೂ 'ನಾನು' ಸೇರಿಸಿಕೊಂಡೇ ಹೇಳಿದೆ, ನೀನು ತಿದ್ದಿದ ಹಾಗೆ.

ಅವರು ಅಳಲಿಲ್ಲ, ಕೂಗಾಡಲಿಲ್ಲ. ಟೈಪ್ ಮಾಡುತ್ತಿದ್ದ ಕೈ ನಿಲ್ಲಿಸಿ ಕೇಳಿದರು. ಆಮೇಲೆ, "ಆ ಇನ್ನೊಬ್ಬರಿಗೆ ಒಂಬತ್ತು ವರ್ಷದಿಂದ ಶಾಪ ಹಾಕ್ತಿದ್ದೀನಿ" ಅಂದರು. "ಅದನ್ನ ಈಗ ಯಾವ ಕಡೆ ತಿರುಗಿಸ್ಲಿ?" 

"ನನ್ನ ಕಡೆ." 

"ಅದು ನೀವು ಹೇಳಬೇಕಾಗಿಲ್ಲ."

ನಿನ್ನ ಪ್ರಬಂಧದ ವಿಷಯ ಹೇಳಿದೆ. ಬೇಡ ಎಂದರೆ ನೀನು ಬರೆಯುವುದಿಲ್ಲ ಎಂದೂ ಹೇಳಿದೆ. "ಅವಳು ಬರೆದಿದ್ದನ್ನ ನಮ್ಮ ಭಾಷೇಲೂ ಬರೆದು ಮೊದಲು ನಂಗೆ ಕಳಿಸ್ಲಿ. ನಾನು ಓದಿ, ತಿದ್ದಿ, ಆಮೇಲೆ ಹೂಂ ಅಥವಾ ಊಹೂಂ ಹೇಳ್ತೀನಿ. ನಿಮ್ಮ ಮಗಳು ಅಂತ ರಿಯಾಯ್ತಿ ಇಲ್ಲ."

ಮತ್ತೆ ಬರಬಹುದೇ ಎಂದು ಕೇಳಿದೆ. "ಬೇಡ" ಅಂದರು.

ಬಾಗಿಲ ಹತ್ತಿರ ಬಂದಿದ್ದೆ. ಹಿಂದಿನಿಂದ ಕೇಳಿದರು, "ಮಗೂಗೆ ಕೈ ಸರಿಹೋಯ್ತಾ?"

ತಿರುಗಿ ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.

"ಹೋಯ್ತು" ಅಂದೆ.

"ಬರೆಯೋ ಕೈಯಾ?"

"ಅಲ್ಲ. ಎಡಗೈ."

"ಸರಿ" ಅಂದರು, ಟೈಪ್ ಮಾಡತೊಡಗಿದರು.

ವಿಳಾಸ ಹಿಂದಿನ ಪುಟದಲ್ಲಿದೆ. ಮುದ್ದಾಗಿ ಬರೆದು ಕಳಿಸು, ಅವರನ್ನು ಕಾಯಿಸಬೇಡ.

ಅಪ್ಪ